ಕಬ್ಬನ್ ಪಾರ್ಕ್ ಕರಗಿದ ಬಗೆ ಮತ್ತು ಹಾಸನಕ್ಕೆ ಬೇಕಿರುವ ಒಂದು ಪಟ್ಟಿ

ಹಾಸನ ಜಿಲ್ಲೆಯ ಎಷ್ಟೋ ಜನರಿಗೆ ಬೆಂಗಳೂರಿನ ಕಬ್ಬನ್ ಪಾರ್ಕ್ ಮೊದಲು ಪರಿಚಯವಾಗುವುದು ಹೈಕೋರ್ಟಿನ ಹಿತ್ತಿಲಾಗಿ. ಜಮೀನಿನ ವ್ಯಾಜ್ಯಕ್ಕೋ ನೌಕರಿಯ ಪ್ರಕರಣಕ್ಕೋ ನಸುಕಿನ ಬಸ್ಸು ಹಿಡಿದು ಹೋದವರು, ವಕೀಲರನ್ನು ಕಂಡು, ಕೇಸು ಮುಂದಿನ ತಾರೀಖಿಗೆ ಹೋಯಿತೆಂದು ತಿಳಿದ ಮೇಲೆ, ಕೆಂಪು ಕಟ್ಟಡದ ಹಿಂಬದಿಯ ಮರಗಳ ಕೆಳಗೆ ಬಂದು ಕೂರುತ್ತಾರೆ. ನಾನು ಕೂಡ ಚಿಕ್ಕವನಿದ್ದಾಗ ತಂದೆಯವರ ಪಕ್ಕದಲ್ಲಿ ಹಾಗೆ ಕುಳಿತವನು. ಬಟ್ಟೆಯ ಚೀಲದಲ್ಲಿ ಪಹಣಿ ಮತ್ತು ಮ್ಯುಟೇಶನ್ ಪ್ರತಿಗಳು, ಅವುಗಳ ಮೇಲೆ ಬಾಳೆ ಎಲೆಯಲ್ಲಿ ಕಟ್ಟಿದ ಚಿತ್ರಾನ್ನ. ಎಲೆ ಬಿಚ್ಚಿದಾಗ ತಂದೆಯವರು ತಲೆ ಎತ್ತಿ ನೋಡಿ, "ಇದು ನಮ್ಮ ತೋಟದ ಸಿಲ್ವರ್ ಮರ ಕಣೋ" ಎಂದಿದ್ದರು. ಸಕಲೇಶಪುರ, ಬೇಲೂರು ಕಡೆಯ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸಿ, ಕಾಳುಮೆಣಸಿನ ಬಳ್ಳಿ ಹಬ್ಬಿಸಿ, ಕೊಂಬೆ ಸವರಿ ನೆಟ್ಟಗೆ ನಿಲ್ಲಿಸುವ ಸಿಲ್ವರ್ ಓಕ್ ಅಲ್ಲಿ ಯಾರೂ ಸವರದೆ ಬೆಳೆದು, ಜರಿಗಿಡದಂಥ ಎಲೆಗಳ ನಡುವೆ ಕಿತ್ತಳೆ ಬಣ್ಣದ ಹೂ ಬಿಟ್ಟಿತ್ತು. ಆಸ್ಟ್ರೇಲಿಯಾದಿಂದ ಬಂದ ಆ ಮರ ಪೂರ್ತಿ ಬೆಳೆದರೆ ಹೇಗಿರುತ್ತದೆಂದು ನಾನು ನೋಡಿದ್ದು ತೋಟಗಳ ನಾಡಾದ ನಮ್ಮಲ್ಲಲ್ಲ, ಬೆಂಗಳೂರಿನ ನಡುಮಧ್ಯದಲ್ಲಿ.

ಆ ಉದ್ಯಾನದ ಇತಿಹಾಸವನ್ನು ಈಗ ಹಾಸನದಲ್ಲಿ ಕುಳಿತು ಬರೆಯುವುದಕ್ಕೆ ಒಂದು ಕಾರಣವಿದೆ. ನಮ್ಮ ನಗರಸಭೆ ಮಹಾನಗರ ಪಾಲಿಕೆಯ ದರ್ಜೆಗೆ ಏರಿದೆ. ಸುತ್ತಲಿನ ಗ್ರಾಮ ಪಂಚಾಯಿತಿಗಳ ಪ್ರದೇಶ ನಗರದೊಳಕ್ಕೆ ಬರುತ್ತಿದೆ. ಬಿ.ಎಂ. ರಸ್ತೆ, ಸಾಲಗಾಮೆ ರಸ್ತೆಗಳ ಆಚೀಚೆ ನಿವೇಶನಗಳ ಕಲ್ಲು ನೆಟ್ಟ ಬಯಲುಗಳು ದೂರದವರೆಗೆ ಕಾಣುತ್ತವೆ. ತಂಪಾದ ಹವೆಯಿಂದಾಗಿ ಬಡವರ ಊಟಿ ಎಂದು ಕರೆಸಿಕೊಂಡ ಊರು ಇದು. ಹೀಗೆ ಬೆಳೆಯುವ ಊರಿಗೆ ದೊಡ್ಡ ಉದ್ಯಾನ ಎಲ್ಲಿ ಉಳಿಯುತ್ತದೆ, ಇರುವ ಮಹಾರಾಜ ಪಾರ್ಕನ್ನು ಯಾವ ಕಾಗದ ಕಾಯುತ್ತದೆ ಎಂಬ ಪ್ರಶ್ನೆಗಳನ್ನು ರಸ್ತೆ ಮತ್ತು ಒಳಚರಂಡಿಯ ಪ್ರಶ್ನೆಗಳಷ್ಟೇ ಗಂಭೀರವಾಗಿ ಈಗಲೇ ಕೇಳಬೇಕು. ಕಬ್ಬನ್ ಪಾರ್ಕಿನ ಒಂದೂವರೆ ಶತಮಾನದ ಕಥೆಯಿಂದ ನನಗೆ ಮನದಟ್ಟಾಗಿರುವುದು ಇಷ್ಟು: ನಗರದ ದೊಡ್ಡ ಉದ್ಯಾನವನ್ನು ಯಾರೂ ಒಂದೇ ಏಟಿಗೆ ನುಂಗುವುದಿಲ್ಲ. ಯಾರೂ ಬೇಡವೆನ್ನಲಾಗದಂಥ ಒಳ್ಳೆಯ ಕಟ್ಟಡಗಳು ಒಂದರ ಹಿಂದೊಂದು ಬಂದು ಅದನ್ನು ಕರಗಿಸುತ್ತವೆ. ಕರಗುವುದು ಎಲ್ಲಾದರೂ ನಿಂತಿದ್ದರೆ, ಅದು ಗಡಿ ಮತ್ತು ಕಾನೂನು ಎರಡೂ ಬರವಣಿಗೆಯಲ್ಲಿದ್ದ ಕಡೆ.

1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡರು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದರು. ಹುದ್ದೆ ಬಿಟ್ಟು ಊರಿಗೆ ಮರಳುವಾಗ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ ಅವರು ತಮ್ಮ ಹೆಸರಿನ ಉದ್ಯಾನವನ್ನು ಕಂಡವರೇ ಅಲ್ಲ. ಅವರ ಕಾಲದಲ್ಲಿ ಕಚೇರಿಗಳು ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿದ್ದವು. ಆಡಳಿತದ ಹದಿನೆಂಟು ಇಲಾಖೆಗಳನ್ನು ಒಂದೇ ಸೂರಿನಡಿ ತರಲೆಂದು 1864ರಿಂದ 1868ರ ನಡುವೆ ಕಟ್ಟಿದ ಹೊಸ ಕಟ್ಟಡವೇ ಅಠಾರಾ ಕಚೇರಿ, ಇಂದಿನ ಹೈಕೋರ್ಟ್. ಅದು ಮುಗಿದ ಎರಡು ವರ್ಷಕ್ಕೆ, 1870ರಲ್ಲಿ, ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಕಟ್ಟಡಕ್ಕೆ ಹೊಂದಿಕೊಂಡ ಬಯಲಿನಲ್ಲಿ ಸುಮಾರು 100 ಎಕರೆಯ ಉದ್ಯಾನವನ್ನು ರೂಪಿಸಿದರು. ಆಗಿನ ಕಮಿಷನರ್ ಮೀಡ್ ಅವರ ನೆನಪಿಗೆ ಅದನ್ನು ಮೊದಲು ಮೀಡ್ಸ್ ಪಾರ್ಕ್ ಎಂದೇ ಕರೆದರು. ಕಬ್ಬನ್ ಹೆಸರು ಬಂದದ್ದು ಆಮೇಲೆ. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ, ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬ ಅಧಿಕೃತ ಹೆಸರು ಬಂತು. ಇಂದಿಗೂ ಅಧಿಕೃತ ಹೆಸರು ಅದೇ. ಆದರೆ ಆಟೋದವರಿಗೆ ಆ ಹೆಸರು ಹೇಳಿದರೆ ಯಾವ ಕಡೆ ಹೊರಡಬೇಕೆಂದು ತಿಳಿಯುವುದು ಕಷ್ಟ.

ಮೊದಲು ಕಚೇರಿ, ಆಮೇಲೆ ಅದಕ್ಕೊಂದು ತೋಟ ಎಂಬ ಈ ಹುಟ್ಟಿನ ಕ್ರಮವನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ. ಲಾಲ್‌ಬಾಗ್‌ನ ಹುಟ್ಟು ಬೇರೆ ಬಗೆಯದು. 1760ರಲ್ಲಿ ಹೈದರ್ ಅಲಿ ಅದನ್ನು ಗಿಡಮರಗಳಿಗಾಗಿಯೇ ಆರಂಭಿಸಿದರು, ಟಿಪ್ಪು ಬೆಳೆಸಿದರು, ಬಳಿಕ ಅದು ಸಸ್ಯಶಾಸ್ತ್ರದ ಕೇಂದ್ರವಾಯಿತು. ಅಲ್ಲಿ 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆಯೂ ಹೂಗಿಡಗಳ ಪ್ರದರ್ಶನಕ್ಕೆಂದೇ ಎದ್ದದ್ದು. ಕಬ್ಬನ್ ಪಾರ್ಕ್ ಹಾಗಲ್ಲದೆ ಅಧಿಕಾರದ ಅಂಗಳವಾಗಿ ಹುಟ್ಟಿತು. ಅಂಗಳವೆಂದ ಮೇಲೆ ಮನೆಯವರು ಅದರಲ್ಲಿ ತಮಗೆ ಬೇಕಾದುದನ್ನು ಕಟ್ಟಿಕೊಳ್ಳಲು ಹೊರಗಿನವರನ್ನು ಕೇಳುವುದಿಲ್ಲ. ಸರ್ಕಾರ ಬದಲಾಯಿತು, ಸಂಸ್ಥಾನ ಹೋಗಿ ರಾಜ್ಯ ಬಂತು, ಎದುರಿಗೆ ವಿಧಾನಸೌಧ ಎದ್ದಿತು. ಆದರೂ ಈ ಜಾಗ ನಮ್ಮ ಕಚೇರಿಗೆ ಸೇರಿದ್ದು ಎಂಬ ಹಳೆಯ ಭಾವನೆ ಮಾತ್ರ ಹೋಗಲಿಲ್ಲ.

ಬಂದ ಕಟ್ಟಡಗಳನ್ನು ಒಮ್ಮೆ ನೋಡೋಣ. 1877ರಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಕಟ್ಟಡ ಬಂತು. ನಮ್ಮ ಹಳೇಬೀಡಿನ ಅವಶೇಷಗಳೂ ಅಲ್ಲಿವೆ. 1915ರಲ್ಲಿ ದಿವಾನ ಶೇಷಾದ್ರಿ ಅಯ್ಯರ್ ಅವರ ನೆನಪಿನ ಭವನ ಬಂತು. ಕೆಂಪು ಬಣ್ಣದ ಆ ಚೆಲುವಾದ ಕಟ್ಟಡದಲ್ಲಿ ಈಗ ರಾಜ್ಯ ಕೇಂದ್ರ ಗ್ರಂಥಾಲಯವಿದೆ. 1962ರಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ತೆರೆಯಿತು. ನಮ್ಮ ಜಿಲ್ಲೆಯ ಶಾಲಾ ಪ್ರವಾಸಗಳಲ್ಲಿ ಮಕ್ಕಳು ಮೊದಲ ಬಾರಿಗೆ ಉಗಿಯಂತ್ರವನ್ನು ಕಣ್ಣಾರೆ ಕಾಣುವುದು ಅಲ್ಲಿಯೇ. ಆನಂತರ ವೆಂಕಟಪ್ಪ ಚಿತ್ರಶಾಲೆ, ಪುಟಾಣಿ ಎಕ್ಸ್‌ಪ್ರೆಸ್ ಓಡುವ ಜವಾಹರ್ ಬಾಲಭವನ, ಮಕ್ಕಳ ಗ್ರಂಥಾಲಯ, ಮತ್ಸ್ಯಾಲಯ, ಟೆನಿಸ್ ಅಂಗಣ, ಪತ್ರಕರ್ತರ ಕ್ಲಬ್ಬು, ಮತ್ತೆ ಕೆಲವು ಕ್ಲಬ್ಬುಗಳು, ಸರ್ಕಾರಿ ಕಚೇರಿಗಳು. ಕ್ಲಬ್ಬುಗಳನ್ನು ಬದಿಗಿಟ್ಟರೆ ಈ ಸಾಲಿನಲ್ಲಿ ಬೇಡವೆನ್ನಬಹುದಾದದ್ದು ಯಾವುದು? ಗ್ರಂಥಾಲಯವೇ, ಮಕ್ಕಳ ರೈಲೇ, ಚಿತ್ರಶಾಲೆಯೇ? ಆ ಹೊತ್ತಿನಲ್ಲಿ ನಾನು ಸಭೆಯಲ್ಲಿದ್ದಿದ್ದರೆ ಪ್ರತಿಯೊಂದಕ್ಕೂ ಕೈ ಎತ್ತುತ್ತಿದ್ದೆ. ಬಾಲಭವನ ಬಂದಾಗ ಚಿತ್ರಶಾಲೆಯ ಲೆಕ್ಕ ಯಾರ ಮುಂದೆಯೂ ಇರಲಿಲ್ಲ, ಚಿತ್ರಶಾಲೆಗೆ ಜಾಗ ಕೊಟ್ಟಾಗ ಕ್ಲಬ್ಬಿನ ಲೆಕ್ಕ ಇರಲಿಲ್ಲ. ಪ್ರತಿ ಸಲವೂ ಒಂದೇ ಕಟ್ಟಡದ ಪ್ರಶ್ನೆ ಬಂತು, ಪ್ರತಿ ಸಲವೂ ಉದ್ಯಾನದ ಒಟ್ಟು ಅಳತೆ ಮೇಜಿನ ಮೇಲೆ ಬರಲಿಲ್ಲ.

ಅಳತೆಯ ಈ ಗೊಂದಲ ಇಂದಿಗೂ ಮುಗಿದಿಲ್ಲ. 100 ಎಕರೆಯಿಂದ ಆರಂಭವಾಗಿ, ಬಳಿಕ ವಿಸ್ತರಿಸಿ, ಸುಮಾರು 300 ಎಕರೆಯಾಯಿತೆಂದು ಪ್ರವಾಸಿ ಕೈಪಿಡಿಗಳು ಬರೆಯುತ್ತವೆ. 197 ಎಕರೆ ಎಂಬ ಅಂಕಿಯೂ ಅಷ್ಟೇ ಬಳಕೆಯಲ್ಲಿದೆ. ಒಂದೇ ಉದ್ಯಾನಕ್ಕೆ ಇಷ್ಟು ಅಂತರದ ಎರಡು ಅಂಕಿಗಳು ಜೊತೆಯಾಗಿ ಓಡಾಡುತ್ತಿವೆ ಎಂದರೆ, ಯಾವುದು ಉದ್ಯಾನ, ಯಾವುದು ಉದ್ಯಾನದೊಳಗಿನ ಸಂಸ್ಥೆಯ ಆವರಣ, ಯಾವುದು ರಸ್ತೆ ಎಂಬುದನ್ನು ಬೇರೆ ಬೇರೆಯವರು ಬೇರೆ ಬೇರೆಯಾಗಿ ಎಣಿಸುತ್ತಿದ್ದಾರೆಂದೇ ಅರ್ಥ. ಒಂದು ಗುಂಟೆ ಒತ್ತುವರಿಯಾದರೆ ತಾಲ್ಲೂಕು ಕಚೇರಿಗೂ ಕೋರ್ಟಿಗೂ ಹತ್ತು ವರ್ಷ ಅಲೆಯುವ ನಮ್ಮ ರೈತರಿಗೆ, ನೂರು ಎಕರೆಯ ವ್ಯತ್ಯಾಸ ಇಷ್ಟು ಹಗುರವಾಗಿ ನಿಲ್ಲಬಲ್ಲದೆಂಬುದು ನಂಬುವ ಮಾತಲ್ಲ.

ಇಷ್ಟಾದರೂ ಉಳಿದಿರುವ ಉದ್ಯಾನ ಬಹಳ ದೊಡ್ಡದು, ಬಹಳ ಚೆಲುವಾದದ್ದು. ತೋಟಗಾರಿಕೆ ಇಲಾಖೆಯ ಲೆಕ್ಕದಲ್ಲಿ 68 ಕುಲಗಳಿಗೆ ಸೇರಿದ 96 ಜಾತಿಯ ಸಸ್ಯಗಳು, ಒಟ್ಟು ಸುಮಾರು 6,000 ಮರಗಿಡಗಳು ಅಲ್ಲಿವೆ. ಹಲಸು, ಕಕ್ಕೆ, ಆಲ, ಅರಳಿಯಂಥ ನಮ್ಮವೂ ಇವೆ, ಮಹೋಗನಿ, ಅರಕೇರಿಯಾ, ಟಬೂಬಿಯಾದಂಥ ಹೊರಗಿನವೂ ಇವೆ. ನೆಲ ಒಂದೇ ಮಟ್ಟದಲ್ಲಿಲ್ಲದೆ ಇಳಿಜಾರಾಗಿ ಸಾಗುತ್ತದೆ, ಅಲ್ಲಲ್ಲಿ ಬಂಡೆ ಮೇಲೆದ್ದಿದೆ, ಬಿದಿರುಮೆಳೆಗಳು ದಾರಿಗೆ ಬಾಗಿವೆ. ಬ್ಯಾಂಡ್‌ಸ್ಟ್ಯಾಂಡ್ ಇದೆ, ಗುಲಾಬಿ ತೋಟವಿದೆ, ಕರಗದ ಉತ್ಸವದ ನೆನಪನ್ನು ಹೆಸರಿನಲ್ಲೇ ಹೊತ್ತ ಕರಗದ ಕುಂಟೆ ಇದೆ. 1906ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ರಾಣಿಯ ಪ್ರತಿಮೆ ಒಂದು ತುದಿಯಲ್ಲಿದ್ದರೆ, ಅಠಾರಾ ಕಚೇರಿಯ ಮುಂದಿದ್ದ ಕಬ್ಬನ್ನರ ಪ್ರತಿಮೆ 2020ರಲ್ಲಿ ಜಾಗ ಬದಲಿಸಿ ಉದ್ಯಾನದೊಳಕ್ಕೆ ಬಂದಿದೆ. ಚಳಿಗಾಲ ಕಳೆಯುವ ಹೊತ್ತಿಗೆ ಗುಲಾಬಿ ಬಣ್ಣದ ಟಬೂಬಿಯಾ, ಅದರ ಬೆನ್ನಿಗೆ ಹಳದಿಯದು, ಬಳಿಕ ನೀಲಿ ಜಕರಂಡಾ, ಬೇಸಿಗೆ ಬಲಿತಾಗ ಕೆಂಪು ಗುಲ್‌ಮೊಹರ್ ಹೀಗೆ ಒಂದರ ಹಿಂದೆ ಒಂದು ಹೂ ಬಿಡುತ್ತವೆ. ಬೆಂಗಳೂರಿನಲ್ಲಿ ಹೀಗೆ ವರ್ಷವಿಡೀ ಹೂವಿನ ಸರದಿ ತಪ್ಪದಂತೆ ಮರಗಳನ್ನು ಆರಿಸಿ ನೆಡಿಸಿದ ಕೀರ್ತಿ 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರಿಗೆ ಸಲ್ಲುತ್ತದೆ.

ಜನ ಅದನ್ನು ಬಳಸುವ ರೀತಿಯೂ ಈಚೆಗೆ ಬದಲಾಗಿದೆ. ಭಾನುವಾರಗಳಂದು ಒಳರಸ್ತೆಗಳಲ್ಲಿ ವಾಹನ ಸಂಚಾರ ನಿಲ್ಲಿಸಿದ ಮೇಲೆ ಮಕ್ಕಳು ಸೈಕಲ್ ಕಲಿಯುವುದು ಅಲ್ಲಿಯೇ. 2023ರಿಂದ ವಾರಾಂತ್ಯದಲ್ಲಿ ನೂರಾರು ಜನ ಚಾಪೆ ಹಾಸಿಕೊಂಡು, ತಮ್ಮ ತಮ್ಮ ಪುಸ್ತಕ ಹಿಡಿದು, ಮಾತಿಲ್ಲದೆ ಗಂಟೆಗಟ್ಟಲೆ ಓದುವ ಅಭ್ಯಾಸವೂ ಬೆಳೆದಿದೆ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಬಡಾವಣೆಗೊಂದು ಚಿಕ್ಕ ಪಾರ್ಕ್ ಇದ್ದರೆ ಸಾಲದೆ, ಒಂದೇ ಕಡೆ ದೊಡ್ಡದು ಏಕೆ ಬೇಕು ಎಂದು ಕೇಳುವವರಿದ್ದಾರೆ. ಉತ್ತರ ಸರಳ ಲೆಕ್ಕದಲ್ಲಿದೆ. ಅರ್ಧ ಎಕರೆಯ ಚೌಕಾಕಾರದ ಪಾರ್ಕಿನ ಒಂದು ಬದಿ ಸುಮಾರು 45 ಮೀಟರ್. ಅದರ ನಟ್ಟನಡುವೆ ನಿಂತರೂ ರಸ್ತೆ 22 ಮೀಟರಿನಲ್ಲಿದೆ, ಎಂದರೆ ಹಾರ್ನ್, ಹೊಗೆ, ದೂಳು, ಬಿಸಿ ಎಲ್ಲವೂ ಅಲ್ಲಿಗೆ ತಲುಪುತ್ತವೆ. 10 ಎಕರೆಯ ಚೌಕದ ಬದಿ 200 ಮೀಟರ್, ನಡುವಿನಿಂದ ರಸ್ತೆಗೆ 100 ಮೀಟರ್. 197 ಎಕರೆಯಾದರೆ ಬದಿ ಹತ್ತಿರ ಹತ್ತಿರ 900 ಮೀಟರ್, ನಡುವಿನಿಂದ ಅಂಚಿಗೆ ಸುಮಾರು 450 ಮೀಟರ್. ಅಂಥ ಕಡೆ ಮಾತ್ರ ಮರಗಳು ಒಂದಕ್ಕೊಂದು ಹೆಣೆದುಕೊಂಡು ನೆಲವನ್ನು ತಂಪಾಗಿಡುತ್ತವೆ, ಉದುರಿದ ಎಲೆ ಗುಡಿಸಿಹೋಗದೆ ಕೊಳೆತು ಮಣ್ಣಾಗುತ್ತದೆ, ಮಳೆನೀರು ಚರಂಡಿ ಸೇರುವ ಮೊದಲು ನೆಲಕ್ಕೆ ಇಂಗುತ್ತದೆ, ಅಂಜುವ ಹಕ್ಕಿಗಳು ಗೂಡು ಕಟ್ಟುತ್ತವೆ. ಅರ್ಧ ಎಕರೆಯ 20 ತುಂಡುಗಳನ್ನು ಕೂಡಿಸಿದರೆ ಕಾಗದದ ಮೇಲೆ 10 ಎಕರೆಯಾಗುತ್ತದೆ. ಆದರೆ ರಸ್ತೆಯಿಂದ 100 ಮೀಟರ್ ದೂರದ ಒಂದೇ ಒಂದು ಜಾಗ ಆ 20ರಲ್ಲಿ ಎಲ್ಲಿಯೂ ಸಿಗುವುದಿಲ್ಲ. ನಡುವೆ ಒಂದು ಕಟ್ಟಡ ಎದ್ದು ಅದಕ್ಕೊಂದು ದಾರಿಯಾದರೆ ದೊಡ್ಡ ಉದ್ಯಾನಕ್ಕೂ ಇದೇ ಗತಿ. ಕಟ್ಟಡ ಅರ್ಧ ಎಕರೆ ತೆಗೆದುಕೊಳ್ಳಬಹುದು, ಅದರ ದಾರಿ, ವಾಹನ ನಿಲ್ಲಿಸುವ ಜಾಗ, ಬೇಲಿ, ದೀಪ ಇವೆಲ್ಲ ಸೇರಿ ಉದ್ಯಾನವನ್ನು ಎರಡಾಗಿ ಸೀಳುತ್ತವೆ. ಕಟ್ಟಡದ ಅಡಿಪಾಯವನ್ನಷ್ಟೇ ಅಳೆದು ಇಷ್ಟೇ ಜಾಗ ಹೋಗುತ್ತದೆ ಎಂದು ಹೇಳುವ ವರದಿಗಳನ್ನು ನಾನು ಈ ಕಾರಣಕ್ಕೆ ಒಪ್ಪುವುದಿಲ್ಲ.

ಚಿಕ್ಕ ಪಾರ್ಕು ಹೇಗೆ ಕರಗುತ್ತದೆಂದು ನಾನು ನಮ್ಮ ಬಡಾವಣೆಯಲ್ಲೇ ನೋಡಿದ್ದೇನೆ. ಮುಕ್ಕಾಲು ಎಕರೆಯ ಜಾಗ, ಸುತ್ತ ಹೊಂಗೆ ಮರಗಳು. ಮೊದಲು ಮೂಲೆಯಲ್ಲಿ ನೀರಿನ ಟ್ಯಾಂಕ್ ಎದ್ದಿತು. ಅದರ ಪಂಪಿಗೊಂದು ಕೋಣೆ, ಕೋಣೆಗೊಂದು ಕಾಂಪೌಂಡು ಬಂತು. ಮುಂದೆ ವ್ಯಾಯಾಮದ ಸಲಕರಣೆ ಬಂದವು, ಅವುಗಳ ಅಡಿಗೆ ಸಿಮೆಂಟ್ ಹಾಸು ಬಂತು. ನಡಿಗೆ ದಾರಿಗೆ ಬಣ್ಣದ ಇಂಟರ್‌ಲಾಕ್ ಇಟ್ಟಿಗೆ ಹಾಕಿದಾಗ ಹೊಂಗೆ ಮರದ ಬುಡದವರೆಗೂ ತಂದು ಬಿಗಿದರು. ಬುಡದ ಸುತ್ತ ಒಂದು ಗೇಣು ಮಣ್ಣೂ ಉಳಿಯಲಿಲ್ಲ. ಮಾರನೆಯ ಬೇಸಿಗೆಗೆ ಆ ಮರದ ತುದಿಕೊಂಬೆ ಒಣಗಿತು, ಮತ್ತೊಂದು ವರ್ಷಕ್ಕೆ ಅರ್ಧ ಮರ ಬರಿದಾಯಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕೆಲಸದ ಉಸ್ತುವಾರಿಗೆ ಬಂದವರನ್ನು ತಡೆದು, "ಟ್ಯಾಂಕ್ ಬೇಡ ಅಂತ ನಾವು ಹೇಳಲಿಲ್ಲ ಸ್ವಾಮಿ, ಮರದ ಬುಡಕ್ಕಾದರೂ ಉಸಿರಾಡೋಕೆ ಜಾಗ ಬಿಡಿ" ಎಂದು ಬೇಡಿಕೊಂಡರು. ಬಂದವರು ನಕ್ಷೆ ತೋರಿಸಿ, "ಎಸ್ಟಿಮೇಟ್‌ನಲ್ಲಿ ಹೀಗೇ ಇದೆ ಸಾರ್" ಎಂದರು. ಅವರ ಮೇಲೆ ನನಗೆ ಕೋಪವಿಲ್ಲ, ಅಂದಾಜುಪಟ್ಟಿಯಲ್ಲಿ ಇಟ್ಟಿಗೆಗೆ ದರವಿರುತ್ತದೆ, ಬಿಟ್ಟ ಮಣ್ಣಿಗೆ ದರವಿರುವುದಿಲ್ಲ.

ಇನ್ನು ಕಾನೂನಿನ ವಿಷಯ. ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್‌ಗಳ ನೆರವಿಗೆ ಬಂದದ್ದು 1975ರ ಕರ್ನಾಟಕ ಸರ್ಕಾರಿ ಉದ್ಯಾನವನಗಳ ಸಂರಕ್ಷಣಾ ಕಾಯ್ದೆ. ಅದರ ವ್ಯಾಪ್ತಿಗೆ ಬರುವ ಉದ್ಯಾನದ ಭೂಮಿಯನ್ನು ಮಾರಾಟ, ಗುತ್ತಿಗೆ, ದಾನ, ವಿನಿಮಯ, ಅಡಮಾನ ಯಾವ ರೂಪದಲ್ಲಿಯೂ ಪರಭಾರೆ ಮಾಡುವಂತಿಲ್ಲ, ಅದನ್ನು ತೋಟಗಾರಿಕಾ ಉದ್ಯಾನವಾಗಿಯೇ ಕಾಪಾಡುವುದು ಸರ್ಕಾರದ ಕರ್ತವ್ಯ. ಸರ್ಕಾರ ತನ್ನ ಕೈಯನ್ನು ತಾನೇ ಕಟ್ಟಿಕೊಂಡ ಅಪರೂಪದ ಕಾಯ್ದೆ ಇದು. ಇದು ಬರುವ ಹೊತ್ತಿಗೆ ಕಬ್ಬನ್ ಪಾರ್ಕಿನ ದೊಡ್ಡ ಕಟ್ಟಡಗಳಲ್ಲಿ ಹೆಚ್ಚಿನವು ಎದ್ದಾಗಿತ್ತು ಎಂಬುದು ದುಃಖದ ಸಂಗತಿ. ಆದರೂ ಕಾಯ್ದೆ ಬಂದ ಮೇಲೆ ಜನರಿಗೆ ನಿಂತು ಮಾತಾಡಲು ಒಂದು ನೆಲೆ ಸಿಕ್ಕಿತು. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಯೋಜನೆ ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿ ಹೋರಾಡಿದರು, ಕಟ್ಟಡ ಉಳಿಯಿತು. 1998ರಲ್ಲಿ ಉದ್ಯಾನದ ಗಡಿಯಿಂದ ಒಂದಷ್ಟು ಭೂಮಿಯನ್ನು ಹೊರತೆಗೆಯುವ ಯತ್ನ ನಡೆದಾಗ ಜನ ಬೀದಿಗಿಳಿದರು. ಉದ್ಯಾನದೊಳಗಿನ ಹಳೆಯ ಕಟ್ಟಡವೊಂದರ ಜಾಗದಲ್ಲಿ ಬಹುಮಹಡಿ ಕಟ್ಟಡ ಕಟ್ಟುವ ಪ್ರಸ್ತಾವಕ್ಕೆ ಈಚಿನ ವರ್ಷಗಳಲ್ಲಿ ಅಲ್ಲಿ ನಡೆದಾಡುವವರೇ ಸಂಘಟಿತರಾಗಿ ವಿರೋಧ ತೋರಿದರು. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಗಾಗಿ ಲಾಲ್‌ಬಾಗಿನ ಅಂಚಿನ ನೆಲದ ಮಾತು ಬಂದಾಗ ಎದ್ದ ಗದ್ದಲವನ್ನು ನಾವೆಲ್ಲ ಓದಿದ್ದೇವೆ. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂಥ ಜಾಗಕ್ಕೂ ಯೋಜನೆಯ ಗೆರೆ ತಾಗಬಹುದೆಂದರೆ, ಸ್ಮಾರಕದ ಪಟ್ಟವಿಲ್ಲದ ನಮ್ಮಂಥ ಊರಿನ ಪಾರ್ಕುಗಳ ಪಾಡೇನು?

ನಮ್ಮಂಥ ಊರುಗಳಿಗೆ ಅನ್ವಯವಾಗುವ ಕಾಯ್ದೆ ಬೇರೊಂದಿದೆ, ಅದರ ಬಗ್ಗೆ ಮಾತು ಬಹಳ ಕಡಿಮೆ. 1985ರ ಕರ್ನಾಟಕ ಉದ್ಯಾನವನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ ಸಂರಕ್ಷಣೆ ಮತ್ತು ನಿಯಂತ್ರಣ ಕಾಯ್ದೆಯ ಜೀವ ಒಂದು ಪಟ್ಟಿಯಲ್ಲಿದೆ. ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಉದ್ಯಾನ, ಮೈದಾನ, ಬಯಲುಗಳನ್ನು ಗುರುತಿಸಿ ಪಟ್ಟಿ ಮಾಡಿ ಸರ್ಕಾರಕ್ಕೆ ಸಲ್ಲಿಸಬೇಕು. ಪಟ್ಟಿಗೆ ಸೇರಿದ ಜಾಗವನ್ನು ಮೇಲಿನ ಅನುಮತಿಯಿಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ಪಟ್ಟಿಯಲ್ಲಿಲ್ಲದ ಜಾಗಕ್ಕೆ ಈ ಕಾಯ್ದೆಯ ರಕ್ಷೆ ತಾಗುವುದು ಕಷ್ಟ. ಇದರ ಜೊತೆಗೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಅದರಂತೆ ನಗರದಲ್ಲಿ ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅನುಮತಿ ಬೇಕು, ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಜನರಿಂದ ಆಕ್ಷೇಪಣೆ ಕರೆಯಬೇಕು. ಮರದ ಕಾಯ್ದೆ ಮರವನ್ನು ಕಾಯುತ್ತದೆ, ನೆಲವನ್ನು ಕಾಯುವುದಿಲ್ಲ. ಒಂದೂ ಮರ ಕಡಿಯದೆ, ಮರಗಳ ನಡುವಿನ ಹುಲ್ಲುನೆಲಕ್ಕೆಲ್ಲ ಸಿಮೆಂಟ್ ಹಾಕಿ ಪಾರ್ಕನ್ನು ಮುಗಿಸಿಬಿಡಬಹುದು.

ನ್ಯಾಯಾಲಯ ಈ ವಿಷಯದಲ್ಲಿ ಎಷ್ಟು ಸ್ಪಷ್ಟವಾಗಿ ಮಾತಾಡಿದೆ ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಕರಣ ಸಾಕ್ಷಿ. ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಹಂಚಿಕೆ ಮಾಡಲಾಗಿತ್ತು. ಅಲ್ಲಿನ ನಿವಾಸಿಗಳು ಪ್ರಶ್ನಿಸಿದರು. ಹೈಕೋರ್ಟಿನ ವಿಭಾಗೀಯ ಪೀಠ ಅವರ ಪರ ನಿಂತಿತು, 1991ರಲ್ಲಿ ಬ್ಯಾಂಗಲೋರ್ ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆಸ್ಪತ್ರೆ ಬೇಡವೆಂದು ಯಾರೂ ಹೇಳಲಿಲ್ಲ, ಪಾರ್ಕಿಗೆಂದು ಮೀಸಲಿಟ್ಟ ಜಾಗದಲ್ಲಿ ಅದು ಬರುವಂತಿಲ್ಲ ಎಂದಷ್ಟೇ ತೀರ್ಪು. ಈ ಪ್ರಕರಣ ಗೆದ್ದದ್ದು ಭಾವನೆಯ ಬಲದಿಂದಲ್ಲ ಎಂಬುದನ್ನು ಗಮನಿಸಬೇಕು. ಅನುಮೋದಿತ ನಕ್ಷೆಯಲ್ಲಿ ಆ ಜಾಗದ ಮೇಲೆ ಪಾರ್ಕ್ ಎಂದು ಬರೆದಿತ್ತು.

ಹಾಸನಕ್ಕೆ ಮರಳಿ ಬರೋಣ. ನೆರೆಯ ಚಿಕ್ಕಮಗಳೂರಿಗೆ ರತ್ನಗಿರಿ ಬೋರೆಯ ಮೇಲಿನ ಮಹಾತ್ಮ ಗಾಂಧಿ ಉದ್ಯಾನವಿದೆ, ನಮಗೆ ಊರ ನಡುವೆ ಮಹಾರಾಜ ಪಾರ್ಕ್ ಇದೆ, ಊರಾಚೆ ಗೆಂಡೆಕಟ್ಟೆಯ ಕಾಡಿದೆ. ನಗರ ಯೋಜನೆಯ ಕೇಂದ್ರ ಮಾರ್ಗಸೂಚಿ ಒಬ್ಬ ನಿವಾಸಿಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಬೇಕೆನ್ನುತ್ತದೆ. ಎರಡು ಲಕ್ಷ ಜನರ ಊರೆಂದು ಲೆಕ್ಕಕ್ಕೆ ಇಟ್ಟುಕೊಂಡರೂ, ಕಡಿಮೆ ಅಳತೆಯಲ್ಲಿಯೇ 20 ಲಕ್ಷ ಚದರ ಮೀಟರ್, ಎಂದರೆ ಸುಮಾರು 494 ಎಕರೆ ಬೇಕು. ಬಡಾವಣೆಗಳ ಚೂರು ಪಾರ್ಕುಗಳಿಂದ ಅದು ತುಂಬುವ ಲೆಕ್ಕವಲ್ಲ. ದೊಡ್ಡ ಜಾಗಗಳು ಬೇಕೇಬೇಕು, ಊರ ಒಳಗೆ ಅವನ್ನು ಹೊಸದಾಗಿ ಕೊಂಡು ಮಾಡುವಷ್ಟು ಹಣ ಯಾವ ಪಾಲಿಕೆಯಲ್ಲಿಯೂ ಇರುವುದಿಲ್ಲ.

ಆದರೆ ಕೊಳ್ಳಬೇಕಾಗಿಲ್ಲದ ಜಾಗಗಳು ಈಗ ನಗರದೊಳಕ್ಕೆ ಬರುತ್ತಿವೆ. ಪಾಲಿಕೆಗೆ ಸೇರುವ ಪ್ರತಿ ಹಳ್ಳಿಯ ಜೊತೆಗೆ ಅದರ ಕೆರೆ, ಕಟ್ಟೆ, ಗೋಮಾಳ, ಗುಂಡುತೋಪು ಬರುತ್ತವೆ. ಗುಂಡುತೋಪನ್ನು ಬೆಂಗಳೂರಿನವರು ಮರೆತರು, ನಾವು ಮರೆಯಬಾರದು. ಹಳೆಯ ಮೈಸೂರು ಸೀಮೆಯ ಊರೂರಲ್ಲಿ ದಾರಿಹೋಕರಿಗೆ, ದನಕರುಗಳಿಗೆ, ಜಾತ್ರೆಗೆ ಬಂದ ಗಾಡಿಗಳಿಗೆ ನೆರಳಾಗಲೆಂದು ಮಾವು, ಹಲಸು, ನೇರಳೆ, ಹಿಪ್ಪೆ ನೆಟ್ಟು ಬೆಳೆಸಿದ ಸಾರ್ವಜನಿಕ ತೋಪುಗಳವು. ಸ್ಯಾಂಕಿ ಉದ್ಯಾನದ ನಕ್ಷೆ ಬರೆಯುವುದಕ್ಕೂ ಮೊದಲೇ ನಮ್ಮಲ್ಲಿ ಉದ್ಯಾನದ ಕಲ್ಪನೆ ಆ ರೂಪದಲ್ಲಿತ್ತು. ಕಂದಾಯ ದಾಖಲೆಗಳಲ್ಲಿ ಅವಕ್ಕೆ ಸರ್ವೆ ನಂಬರ್ ಇದೆ, ವಿಸ್ತೀರ್ಣ ಇದೆ. ಪಂಚಾಯಿತಿ ಹೋಗಿ ಪಾಲಿಕೆ ಬರುವ ಸಂಧಿಕಾಲದಲ್ಲಿ ಯಾರ ಸುಪರ್ದಿಯೂ ಸ್ಪಷ್ಟವಿಲ್ಲದೆ ಖಾಲಿ ಜಾಗವೆಂದು ಕಾಣುವುದೂ ಇವೇ. ಶಾಲೆಗೆ, ಆರೋಗ್ಯ ಕೇಂದ್ರಕ್ಕೆ, ಸಮುದಾಯ ಭವನಕ್ಕೆ, ಕಸ ವಿಂಗಡಣೆಯ ಶೆಡ್ಡಿಗೆ ಜಾಗ ಹುಡುಕುವ ಅಧಿಕಾರಿಯ ಬೆರಳು ನಕ್ಷೆಯಲ್ಲಿ ಮೊದಲು ನಿಲ್ಲುವುದು ಅಲ್ಲಿಯೇ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು, ಕಬ್ಬನ್ ಪಾರ್ಕಿನ ಮಗ್ಗುಲಿನ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಬಸ್ ನಿಲ್ದಾಣವೂ ಬೇಕಾದದ್ದೇ, ಕ್ರೀಡಾಂಗಣವೂ ಬೇಕಾದದ್ದೇ. ಬೇಕಾದದ್ದಕ್ಕೆ ಬೇರೆ ಜಾಗ ಹುಡುಕುವ ಶ್ರಮವನ್ನು ಅಂದು ಯಾರೂ ಪಡಲಿಲ್ಲ.

ಈ ಎಲ್ಲ ಕಾರಣದಿಂದ ಹಾಸನದ ಉದ್ಯಾನದ ಚರ್ಚೆ ಕಾರಂಜಿ, ಬಣ್ಣದ ದೀಪ, ಸೆಲ್ಫಿ ಕಟ್ಟೆಗಳಿಂದ ಆರಂಭವಾಗುವುದನ್ನು ಕಂಡರೆ ನನಗೆ ಆತಂಕವಾಗುತ್ತದೆ. ಮಹಾರಾಜ ಪಾರ್ಕಿಗೆ ಮೊದಲು ಬೇಕಾದದ್ದು ಸರ್ವೆ ಇಲಾಖೆಯ ಅಳತೆ, ನಾಲ್ಕೂ ದಿಕ್ಕಿಗೆ ನಂಬರು ಕೆತ್ತಿದ ಗಡಿಕಲ್ಲು, ಅದರ ನಕ್ಷೆ ಪಾರ್ಕಿನ ಬಾಗಿಲಲ್ಲೇ ಎಲ್ಲರ ಕಣ್ಣಿಗೆ ಬೀಳುವಂತೆ ಒಂದು ಫಲಕ. ಎರಡನೆಯದು ಒಳಗಿನ ಗಟ್ಟಿ ನೆಲದ ಲೆಕ್ಕ. ಕಟ್ಟಡ, ಸಿಮೆಂಟ್ ದಾರಿ, ಕಟ್ಟೆ ಎಲ್ಲ ಸೇರಿ ಇಂದು ಎಷ್ಟು ಚದರ ಮೀಟರ್ ಇದೆಯೋ ಅದನ್ನು ಬರೆದಿಟ್ಟು, ಮುಂದೆ ಹೊಸದೊಂದು ಬರಬೇಕಾದರೆ ಹಳೆಯದೊಂದನ್ನು ಅಷ್ಟೇ ಅಳತೆಗೆ ತೆಗೆಯಬೇಕೆಂಬ ನಿಯಮವನ್ನು ಪಾಲಿಕೆ ಮಾಡಿಕೊಳ್ಳಬಹುದು. ಕಬ್ಬನ್ ಪಾರ್ಕಿಗೆ ಇಂಥದೊಂದು ನಿಯಮ 1915ರಲ್ಲಿ ಇದ್ದಿದ್ದರೆ ಗ್ರಂಥಾಲಯ ಇರುತ್ತಿತ್ತು, ಕ್ಲಬ್ಬುಗಳು ಬೇರೆಡೆ ಹೋಗುತ್ತಿದ್ದವು. ಮರದ ಬುಡಕ್ಕೆ ಕನಿಷ್ಠ ಎರಡು ಮಾರಿನಷ್ಟು ಬರಿ ಮಣ್ಣು ಬಿಡಬೇಕೆಂಬ ಸಾಲು ಪ್ರತಿ ಅಂದಾಜುಪಟ್ಟಿಯಲ್ಲಿ ಬರಬೇಕು. ಹಣ ಖರ್ಚಾಗದ ಕೆಲಸಗಳಿವು, ಬಹುಶಃ ಆ ಕಾರಣಕ್ಕೇ ಇವಕ್ಕೆ ಯಾರೂ ಶಂಕುಸ್ಥಾಪನೆ ಮಾಡುವುದಿಲ್ಲ.

ಎಲ್ಲಕ್ಕೂ ಮುಂಚೆ ಪಟ್ಟಿ. ಹೊಸ ಗಡಿಯೊಳಗೆ ಬರುವ ಪ್ರತಿ ಪಾರ್ಕು, ಮೈದಾನ, ಗುಂಡುತೋಪು, ಕೆರೆಯಂಗಳಗಳನ್ನು ಸರ್ವೆ ನಂಬರ್ ಮತ್ತು ವಿಸ್ತೀರ್ಣ ಸಮೇತ 1985ರ ಕಾಯ್ದೆಯ ಪಟ್ಟಿಗೆ ಸೇರಿಸುವ ಕೆಲಸವನ್ನು, ಹೊಸ ಬಡಾವಣೆಗಳ ಅನುಮೋದನೆ ವೇಗ ಪಡೆಯುವ ಮುನ್ನವೇ ಮುಗಿಸಬೇಕು. ಇದನ್ನು ಕೇಳಲು ಸಂಘ ಕಟ್ಟಬೇಕಾಗಿಲ್ಲ, ವಕೀಲರೂ ಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಹಾಳೆಯ ಅರ್ಜಿ, 10 ರೂಪಾಯಿ ಶುಲ್ಕ ಸಾಕು. ನಾನು ಬರೆದಿರುವ ಅರ್ಜಿಯಲ್ಲಿ ಮೂರು ಸಾಲುಗಳಿವೆ: 1985ರ ಕಾಯ್ದೆಯ ಪ್ರಕಾರ ಹಾಸನ ನಗರದ ಉದ್ಯಾನ, ಮೈದಾನ ಮತ್ತು ಬಯಲು ಜಾಗಗಳ ಪಟ್ಟಿಯ ದೃಢೀಕೃತ ಪ್ರತಿ. ಮಹಾರಾಜ ಪಾರ್ಕಿನ ಸರ್ವೆ ನಕ್ಷೆ ಮತ್ತು ಈಗಿನ ವಿಸ್ತೀರ್ಣ. ಹೊಸದಾಗಿ ಸೇರುವ ಗ್ರಾಮಗಳ ಗುಂಡುತೋಪುಗಳ ಸರ್ವೆ ನಂಬರುಗಳು. ನಮ್ಮ ಬಡಾವಣೆಯ ಮೇಷ್ಟ್ರು ಅದನ್ನು ಓದಿ, ಕನ್ನಡಕ ತೆಗೆದಿಟ್ಟು, ನಾಲ್ಕನೆಯ ಸಾಲೊಂದನ್ನು ತಮ್ಮ ಕೈಯಾರೆ ಸೇರಿಸಿದರು: ಹೊಂಗೆ ಮರವಿರುವ ನಮ್ಮ ಪಾರ್ಕ್ ಆ ಪಟ್ಟಿಯಲ್ಲಿ ಎಷ್ಟನೆಯದು.